ಸದ್ದಿಲ್ಲದ ಕೆಮ್ಮು

ಪುಟ್ಟಸಿದ್ದಮ್ಮನವರ ಕಫವನ್ನು ನಾನು ಮೂರು ಸಲ ನೋಡಿದೆ. ಮೂರು ಸಲವೂ ರಿಜಿಸ್ಟರಿನಲ್ಲಿ ‘ನೆಗೆಟಿವ್’ ಎಂದು ಬರೆದೆ. ಬಣ್ಣ ಹಾಕಿದ್ದು ಕ್ರಮವಾಗಿತ್ತು, ಸೂಕ್ಷ್ಮದರ್ಶಕದಲ್ಲಿ ಸ್ಲೈಡಿನ ನೂರು ಫೀಲ್ಡು, ಎಂದರೆ ನೂರು ಜಾಗ, ಎಣಿಸಿದ್ದೂ ನಿಜ. ಆದರೂ ಮೂರೂ ತಪ್ಪಾಗಿದ್ದವು. ಆ ತಪ್ಪಿನಿಂದ ಅವರಿಗೆ ಕ್ಷಯದ ಮಾತ್ರೆ ಸಿಗುವುದು ಇಪ್ಪತ್ತೇಳು ದಿನ ತಡವಾಯಿತು.

ಅದು ೧೯೯೪. ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ದಾರಿ ಬಿಟ್ಟು ಒಂದೂವರೆ ಮೈಲಿ ಒಳಕ್ಕೆ ಹೋದರೆ ಹೊಂಗೆಹುಂಡಿ. ಅಲ್ಲಿಯ ಆರೋಗ್ಯ ಕೇಂದ್ರದಲ್ಲಿ ಒಬ್ಬರು ಡಾಕ್ಟರು, ಗಂಗಾಂಬಿಕೆ ಎಂಬ ಸಿಸ್ಟರು, ಮುದ್ದಯ್ಯ ಎಂಬ ಅಟೆಂಡರು, ಮತ್ತೆ ಸೂಕ್ಷ್ಮದರ್ಶಕದ ಮುಂದೆ ನಾನು. ಕರೆಂಟು ಇದ್ದರೆ ಬಲ್ಬಿನ ಬೆಳಕು, ಇಲ್ಲದಿದ್ದರೆ ಕಿಟಕಿಯ ಬಿಸಿಲನ್ನು ಕನ್ನಡಿಗೆ ಹಿಡಿದು ನೋಡುತ್ತಿದ್ದೆ. ಹೆಚ್ಚಿನ ದಿನ ಬಿಸಿಲೇ.

ಪುಟ್ಟಸಿದ್ದಮ್ಮ ನಾಲ್ಕು ಮೈಲಿ ಆಚೆಯ ಬೋರೆಕೊಪ್ಪಲಿನವರು. ವಯಸ್ಸು ನಲವತ್ತನಾಲ್ಕು ಎಂದು ಚೀಟಿಯಲ್ಲಿ ಬರೆಸಿದ್ದರು. ತೂಕ ಮೂವತ್ತನಾಲ್ಕು ಕಿಲೋ. ಈರುಳ್ಳಿ ಹೊಲದಲ್ಲಿ ಕಳೆ ಕೀಳುವುದು, ಅರಿಶಿನ ಅಗೆಯುವುದು, ಯಾರು ಕರೆದರೆ ಅವರ ಹೊಲಕ್ಕೆ ಹೋಗುವುದು, ಇದು ಅವರ ಕೆಲಸ. ಯುಗಾದಿಯ ಹೊತ್ತಿಗೆ ಕೆಮ್ಮು ಹತ್ತಿತ್ತು. ಗುಂಡ್ಲುಪೇಟೆಯ ಔಷಧಿ ಅಂಗಡಿಯಲ್ಲಿ ಕೇಳಿ ಮೂರು ಬಾಟಲಿ ಟಾನಿಕ್ಕು ಕುಡಿದಿದ್ದರು. ಸಂತೆಗೆ ಹೋದಾಗಲೆಲ್ಲ ಒಂದೊಂದು ಸೂಜಿ ಹಾಕಿಸಿಕೊಂಡಿದ್ದರು. ಟಾನಿಕ್ಕಿಗೆ ಕೆಮ್ಮು ಕಡಿಮೆಯಾಗಲಿಲ್ಲ. ಜುಲೈನಲ್ಲಿ ಸೊಸೆಗೆ ಹೆಣ್ಣುಮಗು ಹುಟ್ಟಿ, ತೇಜಸ್ವಿನಿ ಎಂದು ಹೆಸರಿಟ್ಟರು. ಸೊಸೆ ಹೊಲಕ್ಕೆ ಹೋದಾಗ ಮಗು ಅಜ್ಜಿಯ ಮಡಿಲಲ್ಲೇ ಮಲಗುತ್ತಿತ್ತು. ಕ್ಷಯದ ಅನುಮಾನವಿದ್ದ ಮೇಲೆ ಇದು ಎರಡು ಜೀವದ ಪ್ರಶ್ನೆ. ಆದರೆ ಆಗಿನ ಪದ್ಧತಿಯಲ್ಲಿ ಕಫದಲ್ಲಿ ಕ್ರಿಮಿ ಕಂಡವರಿಗೆ ಮಾತ್ರ ಒಳ್ಳೆಯ ಮಾತ್ರೆ. ಕಾಣದವರಿಗೆ ಕೆಮ್ಮಿನ ಔಷಧ ಕೊಟ್ಟು, ಮತ್ತೆ ಬನ್ನಿ ಎನ್ನುತ್ತಿದ್ದೆವು. ಒಳ್ಳೆಯ ಮಾತ್ರೆ ಎಲ್ಲರಿಗೂ ಸಾಲುವಷ್ಟು ಇರಲಿಲ್ಲ.

ಅವರು ನಮ್ಮಲ್ಲಿಗೆ ಮೊದಲು ಬಂದದ್ದು ಸೆಪ್ಟೆಂಬರ್ ಇಪ್ಪತ್ತೆಂಟರಂದು. ಅದಕ್ಕೆ ಒಂದು ವಾರ ಮೊದಲು ಸೂರತ್ತಿನ ಪ್ಲೇಗಿನ ಸುದ್ದಿ ರೇಡಿಯೋದಲ್ಲಿ ಬಂದಿತ್ತು.

ಸೂರತ್ತು ಎಲ್ಲಿದೆ ಎಂದು ನಮ್ಮ ಕಡೆ ಹತ್ತು ಜನಕ್ಕೂ ಗೊತ್ತಿರಲಿಲ್ಲ. ಪ್ಲೇಗು ಮಾತ್ರ ಗೊತ್ತಿತ್ತು. ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದ ಕಾಲವನ್ನು ಮುದುಕರು ಕಂಡಿದ್ದರು, ಇಲ್ಲವೇ ಕೇಳಿದ್ದರು. ಎರಡೇ ದಿನದಲ್ಲಿ ಗುಂಡ್ಲುಪೇಟೆಯ ಅಂಗಡಿಗಳಲ್ಲಿ ಪ್ಲೇಗಿಗೆ ಕೊಡುವ ಟೆಟ್ರಾಸೈಕ್ಲಿನ್ ಮುಗಿಯಿತು. ಬನಿಯನ್ ಬಟ್ಟೆ ಕತ್ತರಿಸಿ ದಾರ ಹೊಲಿದ ಮಾಸ್ಕುಗಳು ಬಸ್ ನಿಲ್ದಾಣದಲ್ಲಿ ಬಾಚಣಿಗೆಯ ಜೊತೆ ಮಾರಾಟವಾದವು. ನಮ್ಮೂರಿನ ಅಂಗಡಿಯ ಮರಿಮಲ್ಲಪ್ಪ ಒಂದು ಸತ್ತ ಇಲಿಯನ್ನು ಹಾಲಿನಪುಡಿ ಡಬ್ಬಿಯಲ್ಲಿ ತಂದು, “ಇದನ್ನ ವಸಿ ದುರ್ಬೀನಲ್ಲಿ ನೋಡಿ ಸಾರ್” ಎಂದರು. ಇಲಿಯ ಬೆನ್ನ ಮೇಲೆ ಸೈಕಲ್ ಟೈರಿನ ಗುರುತು ಸ್ಪಷ್ಟವಾಗಿತ್ತು. ಸೀಮೆಎಣ್ಣೆ ಹಾಕಿ ಸುಡಲು ಹೇಳಿದೆ. ಅವರಿಗೆ ಸಮಾಧಾನವಾಗಲಿಲ್ಲ.

ಬಾಯಿಗೆ ಬಟ್ಟೆ ಎಲ್ಲರೂ ಕಟ್ಟಿದರು, ಒಬ್ಬೊಬ್ಬರು ಒಂದೊಂದು ರೀತಿ. ಪಡ್ಡೆಗಳು ಹೊಸ ಕರ್ಚೀಫು ಮಡಿಸಿ, ಹೂವಿನ ಅಂಚು ಹೊರಗೆ ಕಾಣುವಂತೆ ಕಟ್ಟಿದರು. ಬೀಡಿ ಸೇದುವವರು ಮಧ್ಯಕ್ಕೆ ತೂತು ಮಾಡಿಕೊಂಡರು. ನಮ್ಮ ದಾರಿಯ ಬಸ್ಸಿನ ಕಂಡಕ್ಟರ್ ಟಿಕೆಟ್ ಹರಿಯಬೇಕಾದಾಗ ಕರ್ಚೀಫು ಕೆಳಗೆಳೆದು, ಬೆರಳನ್ನು ನಾಲಿಗೆಗೆ ಮುಟ್ಟಿಸಿ, ಟಿಕೆಟ್ ಹರಿದು ಕೊಟ್ಟು, ಮತ್ತೆ ಮೇಲೆಳೆದುಕೊಳ್ಳುತ್ತಿದ್ದ. ನಮ್ಮ ಡಾಕ್ಟರು ಕೂಡ ಮಾಸ್ಕು ತೆಗೆದು ಮುದ್ದಯ್ಯನವರನ್ನು ಕೂಗಿ ಕರೆದು, ಅವರು ಬಂದ ಮೇಲೆ ಹಾಕಿಕೊಳ್ಳುತ್ತಿದ್ದರು. ನಾನು ಸ್ಲೈಡು ನೋಡುವಾಗ ಸೂಕ್ಷ್ಮದರ್ಶಕದ ಗಾಜಿಗೆ ಉಸಿರು ಹಬೆಯಾಗುತ್ತದೆಂದು ಗದ್ದಕ್ಕೆ ಇಳಿಸಿಕೊಳ್ಳುತ್ತಿದ್ದೆ.

ಕೇಂದ್ರಕ್ಕೆ ಒಂದು ಹೊಸ ನಿಯಮ ಬಂತು. ಕೆಮ್ಮು ಇರುವವರು ಒಳಗೆ ಬರುವಂತಿಲ್ಲ. ಬಾಯಿ ಮೂಗು ಮುಚ್ಚುವಂತೆ ಬಟ್ಟೆ ಕಟ್ಟಿಕೊಂಡು ಹೊಂಗೆಮರದ ಕೆಳಗೆ ಕೂರಬೇಕು. ಅದನ್ನು ಜಾರಿಗೆ ತರುವುದು ಮುದ್ದಯ್ಯನವರ ಕೆಲಸ.

“ಅವ್ವಾ, ಕೆಮ್ಮಾ? ಬಾಯ್ಗ ಬಟ್ಟ ಕಟ್ಕ. ಡಾಕುಟ್ರು ಬಿಚ್ಚು ಅನ್ನಗಂಟ ಬಿಚ್ಚಬ್ಯಾಡ” ಎಂದು ಅವರು ಪುಟ್ಟಸಿದ್ದಮ್ಮನವರಿಗೂ ಹೇಳಿದರು.

ಪುಟ್ಟಸಿದ್ದಮ್ಮ ಸುಮ್ಮನೆ ತಲೆಯಾಡಿಸಿ ನಲ್ಲಿಯ ಹತ್ತಿರ ಹೋದರು. ಕೈಕಾಲು ತೊಳೆದರು, ಬಾಯಿ ಮುಕ್ಕಳಿಸಿದರು. ಚೀಲದಿಂದ ಒಗೆದ ಬಿಳಿ ಪಂಚೆಯ ತುಂಡು ತೆಗೆದು, ಎರಡು ಮಡಿಕೆ ಮಾಡಿ, ಮೂಗಿನ ಮೇಲಿನಿಂದ ಗದ್ದದ ಕೆಳಗಿನವರೆಗೆ ಮುಚ್ಚಿ, ಹಿಂದೆ ಎರಡು ಗಂಟು ಹಾಕಿದರು. ಕಿಟಕಿಯಿಂದ ನೋಡುತ್ತಿದ್ದೆ. ಆ ಎರಡು ಮೂರು ವಾರದಲ್ಲಿ ನಾನು ಕಂಡ ನೂರಾರು ಬಟ್ಟೆಗಳಲ್ಲಿ ಸರಿಯಾಗಿ ಕಟ್ಟಿದ್ದದ್ದು ಅದೊಂದೇ.

ಎರಡೂವರೆ ಗಂಟೆ ಅವರು ಮರದ ಕೆಳಗೆ ಕೂತರು. ಜೊತೆಗೆ ಗಂಡ ದೊಡ್ಡಬೀರಯ್ಯ. ಸುತ್ತ ಕೂತವರು ಕೆಮ್ಮಿದರು, ಉಗಿದರು, ಬಟ್ಟೆ ಬಿಚ್ಚಿ ಎಲೆಅಡಿಕೆ ಹಾಕಿದರು. ಪುಟ್ಟಸಿದ್ದಮ್ಮ ಮಾತಾಡಲಿಲ್ಲ, ಅಲುಗಲಿಲ್ಲ.

ಡಾಕ್ಟರು ಎಷ್ಟು ದಿನದಿಂದ ಕೆಮ್ಮು ಎಂದು ಕೇಳಿದಾಗ ಆರು ಬೆರಳು ತೋರಿಸಿದರು.

“ಆರು ದಿನವಾ?”

ತಲೆ ಅಡ್ಡಕ್ಕೆ ಆಡಿತು.

“ಆರು ತಿಂಗ್ಳು ಕನ ಬುದ್ದಿ” ಎಂದರು ದೊಡ್ಡಬೀರಯ್ಯ.

“ಅವರು ಯಾಕೆ ಮಾತಾಡಲ್ಲ?”

“ಹಟ್ಟೀಲಿ ಈ ಬಾಯಿ ಮುಚ್ಚದೇ ಇಲ್ಲ ಬುದ್ದಿ. ಇವತ್ತೇ ಮುಚ್ಚಿರಾದು. ನಂಗೂ ವಸಿ ಪುರ್ಸತ್ತು.”

ಪುಟ್ಟಸಿದ್ದಮ್ಮ ಗಂಡನನ್ನು ಒಂದು ಸಲ ನೋಡಿದರು. ಆ ನೋಟಕ್ಕೆ ಮಾತು ಬೇಕಿರಲಿಲ್ಲ; ದೊಡ್ಡಬೀರಯ್ಯ ಎರಡು ಹೆಜ್ಜೆ ಹಿಂದೆ ಸರಿದರು.

“ಇಷ್ಟು ಹೊತ್ತಾಯ್ತು, ಒಂದು ಸಲವೂ ಕೆಮ್ಮಲಿಲ್ಲವಲ್ಲ” ಎಂದರು ಡಾಕ್ಟರು.

“ಈಗ ಕೆಮ್ಮಕಿಲ್ಲ ಬುದ್ದಿ. ಹಟ್ಟೀಲಿ ಕೆಮ್ತಳ.”

ಈ ಮಾತಿನಲ್ಲಿ ಎಲ್ಲ ಇತ್ತು. ಹೊರಗೆ ಇನ್ನೂ ನಲವತ್ತು ಜನ ಇದ್ದರು. ಡಾಕ್ಟರು ಕಫ ಪರೀಕ್ಷೆಗೆ ಚೀಟಿ ಬರೆದು ಮುಂದಿನವರನ್ನು ಕರೆದರು.

ಕಫ ಪರೀಕ್ಷೆಗೆ ಮೂರು ಮಾದರಿ ಬೇಕು. ಅದರಲ್ಲಿ ಒಂದು, ಬೆಳಿಗ್ಗೆ ಎದ್ದಕೂಡಲೆ ಮನೆಯಲ್ಲೇ ತೆಗೆದದ್ದಾಗಿರಬೇಕು. ಆದರೆ ಆ ದಿನಗಳಲ್ಲಿ ಕಫದ ಡಬ್ಬಿ ಮನೆಗೆ ಕೊಡುವುದನ್ನು ನಿಲ್ಲಿಸಿದ್ದೆವು. ಹಿಂದಿನ ವಾರ ಒಬ್ಬರು ಡಬ್ಬಿ ತರುತ್ತಿದ್ದುದು ಬಸ್ಸಿನಲ್ಲಿ ಗೊತ್ತಾಗಿ, ಜನ ಅವರ ಚೀಲವನ್ನೇ ಕಿಟಕಿಯಿಂದ ಎಸೆದಿದ್ದರು. ಹಾಗಾಗಿ ಮೂರನ್ನೂ ಕೇಂದ್ರದ ಹಿಂದುಗಡೆ, ಕಾಂಪೌಂಡಿನ ಮರೆಯಲ್ಲೇ ತೆಗೆದುಕೊಳ್ಳುತ್ತಿದ್ದೆವು.

ಪುಟ್ಟಸಿದ್ದಮ್ಮ ಡಬ್ಬಿ ಹಿಡಿದು ಹೋಗಿ ಒಂದು ನಿಮಿಷದೊಳಗೆ ಬಂದರು. ಬಟ್ಟೆ ಹೋಗುವಾಗ ಹೇಗಿತ್ತೋ ಬರುವಾಗಲೂ ಹಾಗೇ ಇತ್ತು. ಡಬ್ಬಿಯಲ್ಲಿದ್ದದ್ದು ತಿಳಿಯಾದ, ನೊರೆನೊರೆಯಾದ ಉಗುಳು. ಕಫವೆಂದರೆ ಗಟ್ಟಿಯಾಗಿ, ಹಳದಿಗೆ ತಿರುಗಿ, ಕಡ್ಡಿಗೆ ಅಂಟಿಕೊಂಡು ಬರಬೇಕು. ಅದು ನನಗೆ ಗೊತ್ತಿತ್ತು. ಆದರೆ ಬಂದದ್ದನ್ನು ನೋಡಬೇಕೆಂಬುದು ರೂಢಿ, ಮತ್ತು ರಿಜಿಸ್ಟರಿನಲ್ಲಿ ಪಾಸಿಟಿವ್, ನೆಗೆಟಿವ್ ಎಂಬ ಎರಡೇ ಕಾಲಂ. ಉಗುಳು ಎಂದು ಬರೆಯಲು ಜಾಗವಿರಲಿಲ್ಲ. ಅವತ್ತು ನನ್ನ ಮೇಜಿನ ಮೇಲೆ ಹದಿನೇಳು ಡಬ್ಬಿಗಳಿದ್ದವು. ಕಡ್ಡಿಯಿಂದ ಸವರಿದೆ, ಒಣಗಿಸಿದೆ, ಕೆಂಪು ಬಣ್ಣ ಹಾಕಿ ಹಬೆ ಬರುವವರೆಗೆ ಕಾಯಿಸಿದೆ, ಆಮ್ಲದಲ್ಲಿ ತೊಳೆದೆ, ನೀಲಿ ಹಾಕಿದೆ, ಎಣಿಸಿದೆ. ಏನೂ ಇಲ್ಲ. ಅಕ್ಟೋಬರ್ ಒಂದರಂದೂ ಹಾಗೆಯೇ. ಐದರಂದೂ ಹಾಗೆಯೇ. ಮೂರು ಸಲವೂ ಅವರು ಗಂಡನೊಡನೆ ನಾಲ್ಕು ಮೈಲಿ ನಡೆದು ಬಂದು, ಕೈಕಾಲು ತೊಳೆದು, ಬಟ್ಟೆ ಕಟ್ಟಿ, ತುಟಿ ಬಿಚ್ಚದೆ ಕೂತು ಹೋದರು. ಡಾಕ್ಟರು ಹದಿನೈದು ದಿನಕ್ಕೆ ಕೆಮ್ಮಿನ ಔಷಧ ಬರೆದುಕೊಟ್ಟರು.

ಅಕ್ಟೋಬರ್ ಇಪ್ಪತ್ತು, ಗುರುವಾರ. ಗಂಗಾಂಬಿಕೆ ಸಿಸ್ಟರು ಮಕ್ಕಳಿಗೆ ಚುಚ್ಚುಮದ್ದು ಹಾಕಲು ಬೋರೆಕೊಪ್ಪಲಿಗೆ ಹೋಗಿದ್ದರು. ಸಂಜೆ ಬಂದವರು ಲಸಿಕೆಯ ಪೆಟ್ಟಿಗೆ ಕೆಳಗಿಡುವ ಮೊದಲೇ ನನ್ನ ಕೋಣೆಗೆ ಬಂದರು.

“ಸಾರ್, ಪುಟ್ಟಸಿದ್ದಮ್ಮ ಅಂತ, ಮೂರು ಸಲ ನೆಗೆಟಿವ್ ಬರೆದಿದ್ದೀರಲ್ಲ. ಆಯಮ್ಮ ಹೆಂಗೆ ಕೆಮ್ತಾರೆ ಗೊತ್ತಾ? ಕೊಟ್ಟಿಗೆಯಲ್ಲಿ ಕೂತು ಕೆಮ್ತಿದ್ರೆ ಬೀದಿ ಬಾಗಿಲಿಗೆ ಕೇಳಿಸ್ತದೆ. ನಾನು ಕೂಸಿಗೆ ಸೂಜಿ ಹಾಕೋಷ್ಟ್ರಲ್ಲಿ ನಾಕು ಸಲ ಕೆಮ್ಮಿದ್ರು. ಇಲ್ಲಿಗೆ ಬಂದ್ರೆ ಕಲ್ಲಿನಂಗೆ ಕೂತಿರ್ತಾರೆ.”

“ಕೇಳಬೇಕಿತ್ತು.”

“ಕೇಳ್ದೆ. ‘ಅಲ್ಲಿ ಬಟ್ಟ ಕಟ್ಟಿರ್ತೀನಲ್ಲ ಸಿಸ್ಟ್ರೆ’ ಅಂದ್ರು. ಅಷ್ಟೆ. ಅದರಲ್ಲಿ ಕೇಳೋದೇನಿದೆ ಅನ್ನೋ ಹಂಗೆ ನನ್ನ ಮುಖ ನೋಡಿದ್ರು.”

ಮರುದಿನ ಬೆಳಿಗ್ಗೆ ಆರಕ್ಕೆ ನಾವಿಬ್ಬರೂ ಸೈಕಲ್ಲಿನಲ್ಲಿ ಬೋರೆಕೊಪ್ಪಲಿಗೆ ಹೋದೆವು. ನನ್ನ ಚೀಲದಲ್ಲಿ ಎರಡು ಡಬ್ಬಿಗಳಿದ್ದವು. ಪುಟ್ಟಸಿದ್ದಮ್ಮ ಬಾಗಿಲ ಮುಂದೆ ಸಗಣಿ ಸಾರಿಸುತ್ತಿದ್ದರು. ನಮ್ಮನ್ನು ಕಂಡವರೇ ಕೈ ತೊಳೆಯಲು ಹೊರಟರು, ಬಟ್ಟೆ ಕಟ್ಟುವುದಕ್ಕೆ.

“ಬಟ್ಟೆ ಬೇಡಮ್ಮ. ಮೊದಲು ಮಾತಾಡಿ” ಎಂದೆ.

ಅವರ ದನಿಯನ್ನು ನಾನು ಕೇಳಿದ್ದು ಆಗಲೇ. ಒಡೆದಿತ್ತು, ಆದರೆ ಗಟ್ಟಿಯಾಗಿತ್ತು.

“ಏನ್ ಮಾತಾಡನ ಸಾರ್? ಇಪ್ಪತ್ತೆರಡು ವರ್ಸದಿಂದ ನಮ್ ಮನದೇವ್ರ ಮೀಸಲಡಿಗ ಮಾಡಾದು ನಾನೇಯ. ಮಿಂದು, ಬಾಯ್ ಮುಕ್ಕಳ್ಸಿ, ಬಟ್ಟ ಕಟ್ಟುದ್ರ, ದೇವ್ರ ಎಡ ಇಡಗಂಟ ಮಾತಿಲ್ಲ, ಕೆಮ್ಮಿಲ್ಲ, ಸೀನಿಲ್ಲ. ಉಸ್ರು ತಾಕುದ್ರೂ ಮೈಲ್ಗ. ನಮ್ಮತ್ತ ನನ್ನ ಒಲ ಮುಂದ ಕೂರ್ಸಿ, ಒಣಮೆಣ್ಸಿಕಾಯಿ ಕೆಂಡುಕ್ಕ ಆಕಿ ಕಲ್ಸುದ್ರು. ಕೆಮ್ಮುದ್ರ ಎದ್ದೋಗು ಅನ್ನೋರು. ಎಲ್ಡು ವರ್ಸ ಎದ್ದೋದಿ. ಮೂರ್ನೇ ವರ್ಸ ಕೂತ್ಕಂಡಿ.”

“ಆದರೆ ಇದು ಆಸ್ಪತ್ರೆ.”

“ಆಸ್ಪತ್ರ್ಯಾದ್ರೇನು? ಬಟ್ಟ ಬಟ್ಟೆಯಲ್ವಾ?”

ದೊಡ್ಡಬೀರಯ್ಯ ಜಗುಲಿಯ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದರು. “ಕಟ್ಕ, ಬಿಚ್ಚಬ್ಯಾಡ ಅಂದೋರು ನಿಮ್ ಮುದ್ದಯ್ಯ” ಎಂದರು. “ಕಟ್ದ ಮ್ಯಾಲ ಯಾರಾರ ಕೆಮ್ಮಾರಾ? ನಿಮ್ಗ ಗೊತ್ತಿದ್ದೇ ಏಳ್ತೀರ ಅನ್ಕಂಡಿ.”

“ಡಬ್ಬಿಗೆ ಕಫ ಉಗುಳಿ ಎಂದಿದ್ದೆವಲ್ಲ?”

“ಬಟ್ಟ ಕಟ್ಕಂಡು ಕ್ಯಾಕರ್ಸಾಕಾದ್ದ?” ಪುಟ್ಟಸಿದ್ದಮ್ಮನವರಿಗೆ ಸಿಟ್ಟು ಬಂದಂತಿತ್ತು. “ಬಾಯ್ಲಿದ್ದದ್ದ ಕೊಟ್ಟಿ. ಅದೇ ಎಚ್ಚಾಯ್ತು ಅನ್ಕಂಡಿ.”

ಗಂಗಾಂಬಿಕೆ ಸಿಸ್ಟರಿಗೆ ನಗು ಬಂತು, ತಡೆದುಕೊಂಡರು. ನನಗೆ ನಗು ಬರಲಿಲ್ಲ. ಮೂರು ತಿಳಿ ಡಬ್ಬಿಗಳು ಕಣ್ಣಮುಂದೆ ಇದ್ದವು.

ಎದೆ ತುಂಬ ಉಸಿರೆಳೆದು, ತಳದಿಂದ ಕೆಮ್ಮಿ, ಬಂದದ್ದನ್ನು ಡಬ್ಬಿಗೆ ಹಾಕಬೇಕೆಂದು ಹೇಳಿದೆ. ಗಂಡಸರ ಮುಂದೆ ಆಗದು ಎಂದರು. ಹುಲ್ಲಿನ ಮೆದೆಯ ಹಿಂದೆ ಹೋದರು. ಆಮೇಲೆ ಕೇಳಿಸಿದ ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ. ದೊಡ್ಡಬೀರಯ್ಯ ತಲೆ ತಗ್ಗಿಸಿ ನೆಲ ನೋಡುತ್ತಿದ್ದರು. ಒಳಗೆ ಮಗು ಎದ್ದು ಅತ್ತಿತು, ಸೊಸೆ ಎತ್ತಿಕೊಂಡರು.

ಡಬ್ಬಿಯಲ್ಲಿದ್ದದ್ದು ಗಟ್ಟಿ, ಹಳದಿ, ಒಂದು ಎಳೆ ರಕ್ತ.

ಹತ್ತೂವರೆಗೆ ಬಿಸಿಲು ಕಿಟಕಿಗೆ ಬಂತು. ಮೊದಲ ಫೀಲ್ಡಿನಲ್ಲೇ ನೀಲಿಯ ನಡುವೆ ಕೆಂಪು ಕಡ್ಡಿಗಳಂಥ ಕ್ಷಯದ ಕ್ರಿಮಿಗಳು ಹನ್ನೊಂದು. ಎರಡನೆಯದರಲ್ಲಿ ಒಂಬತ್ತು. ಮೂರನೆಯದರಲ್ಲಿ ಹದಿನಾಲ್ಕು. ನೂರರವರೆಗೆ ಎಣಿಸಬೇಕಾದ ಅಗತ್ಯವಿರಲಿಲ್ಲ. ಇಪ್ಪತ್ತಕ್ಕೆ ನಿಲ್ಲಿಸಿ ರಿಜಿಸ್ಟರ್ ತೆಗೆದೆ.

ಮಾತ್ರೆ ಮಾತ್ರ ಇರಲಿಲ್ಲ. ಕ್ಷಯದ ಮಾತ್ರೆ ಮುಗಿದು ಮೂರು ವಾರವಾಗಿತ್ತು; ತರಬೇಕಾದ ಜೀಪು ಪ್ಲೇಗಿನ ಕೆಲಸಕ್ಕೆ ಹೋಗಿತ್ತು. ಸ್ಟೋರಿನಲ್ಲಿ ಗೋಡೆಯುದ್ದಕ್ಕೂ ಟೆಟ್ರಾಸೈಕ್ಲಿನ್ ಡಬ್ಬಗಳನ್ನು ಪೇರಿಸಿಟ್ಟಿದ್ದರು. ಪ್ಲೇಗು ನಮ್ಮ ತಾಲ್ಲೂಕಿಗೆ ಬರಲೇ ಇಲ್ಲ. ಡಾಕ್ಟರು ಚಾಮರಾಜನಗರಕ್ಕೆ ಚೀಟಿ ಬರೆದರು: ಈ ರೋಗಿಯನ್ನು ದಾಖಲಿಸಿಕೊಂಡು ಮೊದಲ ಕಂತು ಅಲ್ಲಿಂದಲೇ ಕೊಡುವುದು.

ಚೀಟಿ ಕೊಡುವಾಗ ನಾನು ಪುಟ್ಟಸಿದ್ದಮ್ಮನವರಿಗೆ ಬಿಡಿಸಿ ಹೇಳಿದೆ. ಬಟ್ಟೆ ಕಟ್ಟಿಕೊಳ್ಳಿ, ಅದು ಒಳ್ಳೆಯದು, ಮಗುವಿಗೂ ಒಳ್ಳೆಯದು. ಆದರೆ ಕೆಮ್ಮು ಬಂದರೆ ತಡೆಯಬೇಡಿ, ಬಟ್ಟೆಯೊಳಗೇ ಕೆಮ್ಮಿ. ಕೇಳಿದವರಿಗೆ ಬಾಯಿ ಬಿಟ್ಟು ಉತ್ತರ ಹೇಳಿ. ಅವರು ಪ್ರತಿಯೊಂದಕ್ಕೂ ತಲೆಯಾಡಿಸಿದರು. ಹೇಳಿದ್ದನ್ನು ಹಾಗೇ ಮಾಡುವವರು ಅವರು. ಅದನ್ನು ನಾನು ಇನ್ನೂ ಸರಿಯಾಗಿ ಅರಿತಿರಲಿಲ್ಲ.

ಸೋಮವಾರ ಬೆಳಿಗ್ಗೆ ಇಬ್ಬರೂ ಚಾಮರಾಜನಗರದ ಬಸ್ಸು ಹತ್ತಿದರು. ಆದದ್ದನ್ನು ದೊಡ್ಡಬೀರಯ್ಯ ಬುಧವಾರ ನನ್ನ ಕಿಟಕಿಗೆ ಕೈ ಊರಿಕೊಂಡು ಹೇಳಿದರು.

“ಪ್ಲೇಗು ಮುಗೀತು ಅಂತ ಪೇಪರ್ನಲ್ಲಿ ಬಂದದೆ ಅಂದ್ರಲ್ಲ ಸಾರ್. ಬಸ್ಸಲ್ಲಿ ಯಾರ್ ಬಾಯ್ಲೂ ಬಟ್ಟ ಇರ್ನಿಲ್ಲ. ಇವಳೊಬ್ಳೆ. ಕಟ್ಕಂಡವಳು ಸುಮ್ನಿದ್ರ ಯಾರೂ ಕೇಳ್ತಿರ್ನಿಲ್ಲ. ನೀವ್ ಏಳಿದ್ರಲ್ಲ, ಕೆಮ್ಮು ಅಂತ. ಕೆಮ್ಮುದ್ಳು.”

“ಆಮೇಲೆ?”

“ಆಮ್ಯಾಕೇನು. ಮುಂದ್ಲ ಸೀಟ್ನೋಳು ಕೂಸ ಎತ್ಕಂಡು ಎದ್ದೇಬುಟ್ಳು. ಇನ್ನೊಬ್ಬ ಪ್ಲೇಗು ಪ್ಲೇಗು ಅಂತ ಕೂಗ್ದ. ಕಂಡಕ್ಟ್ರು ಸೀಟಿ ಊದ್ಬುಟ್ಟ. ಇವಳು ಬಾಯ್ಬುಟ್ಟು ಏಳುದ್ಳು, ನಂಗ ಪ್ಲೇಗಲ್ಲ ಕನಪ್ಪ, ಟೀಬಿ ಅಂತ. ನೀವೇ ಏಳಿದ್ರಲ್ಲ, ಕೇಳ್ದೋರ್ಗ ಉತ್ರ ಏಳು ಅಂತ.”

ನಾನು ಪೆನ್ನು ಕೆಳಗಿಟ್ಟೆ.

“ಅಲ್ಲಿಗ ಮುಗೀತಲ್ಲ. ಟೀಬಿ ಅಂದ್ರ ಬುಟ್ಟಾರಾ? ಅರ್ಧ ದಾರೀಲಿ ಇಳ್ಸುದ್ರು. ಟಿಕೇಟ್ ಕಾಸು ವಾಪಸ್ ಕೊಡಪ್ಪ ಅಂದಿ. ಇಳಿಯಯ್ಯ ಮೊದ್ಲು ಅಂದ. ಏಳ್ ಮೈಲಿ ನಡ್ದೊ. ಅಲ್ಲಲ್ಲಿ ಕೂತ್ಕಂಡು, ಎದ್ದು. ಓಗಷ್ಟ್ರಲ್ಲಿ ಎಲ್ಡು ಗಂಟ. ಮಾತ್ರೆ ಕೊಡೋರು ಒಂದಕ್ಕೇ ಬಾಗ್ಲಾಕಂಡು ಓಗಿದ್ರು. ನಮ್ ಸೋದ್ರತ್ತ ಮಗಳ ಹಟ್ಟೀಲಿ ಮನಗಿದ್ದು, ನಿನ್ನ ಬೆಳಿಗ್ಗ ಈಸ್ಕಂಡೊ.”

ಚೀಲದಿಂದ ಒಂದು ಕಾಗದದ ಪೊಟ್ಟಣ ತೆಗೆದು ತೋರಿಸಿದರು. ಹದಿನಾಲ್ಕು ದಿನದ ಮಾತ್ರೆ. ಇಪ್ಪತ್ತೈದನೆಯ ತಾರೀಕು ಮೊದಲ ದಿನ.

“ಪುಟ್ಟಸಿದ್ದಮ್ಮ ಏನಂದರು?”

“ಏನಂದಳು? ನಡಿವಾಗ ಒಂದೇ ಮಾತು. ‘ಮೀಸಲುಗೆ ಕಟ್ಟುದ್ರ ಜನ ಕೈಮುಗ್ದು ದಾರಿ ಬುಡ್ತಾರ, ಇದ್ಕ ಕಟ್ಟುದ್ರ ಇಳ್ಸುಬುಡ್ತಾರ’ ಅಂದ್ಳು. ಆಮ್ಯಾಕ ಬಟ್ಟ ಬಿಚ್ಲಿಲ್ಲ. ಬಿಚ್ಚಮ್ಮಿ, ಇಲ್ಯಾರವ್ರ ಅಂದಿ. ನೀನಿದ್ದೀಯಲ್ಲ ಅಂದ್ಳು.”

ಮಾತ್ರೆ ಶುರುವಾದ ಮೇಲೆ ದಿನಗಳು ಒಂದೇ ರೀತಿ ಸಾಗಿದವು. ಎರಡು ವಾರಕ್ಕೊಮ್ಮೆ ಅವರು ನಮ್ಮಲ್ಲಿಗೆ ಬರುತ್ತಿದ್ದರು. ಮೂತ್ರ ಕೆಂಪಾಯಿತೆಂದು ಹೆದರಿದರು. ಮಾತ್ರೆಯ ಬಣ್ಣ ಎಂದು ಸಿಸ್ಟರು ತಿಳಿಸಿದರು. ಬಾಯಿ ರುಚಿ ಕೆಟ್ಟಿತು. ನವೆಂಬರಿನಲ್ಲಿ ಮೀಸಲಡಿಗೆಯನ್ನು ಸೊಸೆಯ ಕೈಗೆ ಬಿಟ್ಟರು. ಮಗುವನ್ನು ಡಾಕ್ಟರು ಪರೀಕ್ಷಿಸಿದರು, ತೂಕ ಸರಿಯಾಗಿತ್ತು. ಮೊದಲೆರಡು ತಿಂಗಳು ಮಗುವನ್ನು ಎತ್ತಬಾರದು ಎಂದದ್ದನ್ನು ಅವರು ಪಾಲಿಸಿದರು. ಅಂಗಳದ ಆ ಕೊನೆಯಲ್ಲಿ ಕೂತು, ಬಟ್ಟೆ ಕಟ್ಟಿಕೊಂಡು, ಈ ಕೊನೆಯಲ್ಲಿದ್ದ ತೊಟ್ಟಿಲಿನ ಹಗ್ಗ ಎಳೆಯುತ್ತಿದ್ದರಂತೆ. ಹಗ್ಗಕ್ಕೆ ಇನ್ನೊಂದು ಹಗ್ಗ ಸೇರಿಸಿ ಕಟ್ಟಿಕೊಂಡಿದ್ದರು. ಡಿಸೆಂಬರ್ ಕೊನೆಗೆ ಕಫದಲ್ಲಿ ಕ್ರಿಮಿ ಕಾಣಲಿಲ್ಲ. ಈ ಸಲ ಅದು ಕಫವೇ ಹೌದೋ ಎಂದು ಡಬ್ಬಿ ಬಗ್ಗಿಸಿ ಎರಡು ಸಲ ನೋಡಿದೆ. ಆದರೆ ಮಾತ್ರೆ ಎಂಟು ತಿಂಗಳು ತಪ್ಪದೆ ನುಂಗಬೇಕು. ಮಧ್ಯೆ ಬಿಟ್ಟರೆ ಕಾಯಿಲೆ ತಿರುಗಿ ಬರುತ್ತದೆ, ಆಗ ಇದೇ ಮಾತ್ರೆ ನಾಟದಿರಬಹುದು. ಅವರಿಗೆ ಇದನ್ನು ಎರಡು ಸಲ ಹೇಳಬೇಕಾಗಿರಲಿಲ್ಲ.

ಅಷ್ಟರಲ್ಲಿ ಊರಿನಲ್ಲಿ ಎಲ್ಲರ ಕರ್ಚೀಫೂ ಜೇಬು ಸೇರಿತ್ತು. ಡಾಕ್ಟರ ಮಾಸ್ಕು ಮೊಳೆಗೆ ನೇತಾಡುತ್ತಿತ್ತು. ಮರದ ಕೆಳಗಿನ ನಿಯಮವನ್ನು ಯಾರೂ ರದ್ದು ಮಾಡಲಿಲ್ಲ; ಮುದ್ದಯ್ಯನವರು ಹೇಳುವುದನ್ನು ನಿಲ್ಲಿಸಿದರು, ಅಷ್ಟೆ.

ಫೆಬ್ರವರಿ ಹದಿನೆಂಟು, ಶನಿವಾರ, ಮತ್ತೆ ಮಾತ್ರೆ ಇರಲಿಲ್ಲ.

“ಬಂದಿಲ್ಲ ಕಣವ್ವ. ಗುರ್ವಾರ ಬಾ” ಎಂದರು ಮುದ್ದಯ್ಯ.

“ಬುದುವಾರ ಬಂದ್ರ ಸನಿವಾರ ಬಾ ಅಂದ್ರಿ. ಸನಿವಾರ ಬಂದ್ರ ಗುರ್ವಾರ ಅಂತೀರಿ.” ಪುಟ್ಟಸಿದ್ದಮ್ಮನವರ ದನಿ ಬಟ್ಟೆಯೊಳಗಿಂದ ಬರುತ್ತಿತ್ತು. “ಇವತ್ತಿಂದು ತಿಂದಿವ್ನಿ. ನಾಳಕ್ಕಿಲ್ಲ.”

“ನಾನೇನ್ ಮಾಡ್ಲಿ? ನಾನೇನ್ ಹಿತ್ತಲಲ್ಲಿ ಬೆಳ್ದಿದ್ದನಾ?”

“ಆ ಕೋಣೇಲಿ ಡಬ್ಬ ಡಬ್ಬ ಬಿದ್ದವಲ್ಲಪ್ಪ.”

“ಅದು ನಿಂಗಲ್ಲ. ಪ್ಲೇಗಿಗೆ.”

“ನಂಗಲ್ದಿದ್ರ ಯಾರ್ಗ? ಇಲಿಗಾ?”

ಮುದ್ದಯ್ಯ ನನ್ನ ಕಡೆ ನೋಡಿದರು. ನಾನು ಕಪಾಟು ತೆಗೆದೆ. ಅಲ್ಲಿ ಬೆಟ್ಟಯ್ಯ ಎಂಬ ರೋಗಿಯ ಹೆಸರಿನ ಒಂದು ಪೊಟ್ಟಣ ಇತ್ತು, ಹದಿನಾಲ್ಕು ದಿನದ್ದು. ಅವನು ವೈನಾಡಿಗೆ ಶುಂಠಿ ಕೆಲಸಕ್ಕೆ ಹೋದವನು, ಬರಬೇಕಾದ ದಿನ ಕಳೆದು ಒಂಬತ್ತು ದಿನವಾಗಿತ್ತು. ಹಾಗೆ ಹೋದವರಲ್ಲಿ ಹೆಚ್ಚಿನವರು ಬರುವುದಿಲ್ಲ. ಪೊಟ್ಟಣವನ್ನು ಪೂರ್ತಿ ಪುಟ್ಟಸಿದ್ದಮ್ಮನವರ ಮುಂದೆ ಇಟ್ಟೆ.

“ಇದು ಯಾರ್ದು ಸಾರ್?”

“ಒಬ್ಬರದು. ಅವನು ಬಂದಿಲ್ಲ. ನೀವು ತೆಗೆದುಕೊಳ್ಳಿ.”

“ಬಂದ್ರ?”

“ಬರಲಾರ ಅನ್ನಿಸುತ್ತೆ.”

“ಬಂದ್ರ?” ಎಂದರು ಮತ್ತೆ.

ಅವರು ಬೆರಳು ಮಡಿಸಿದರು. “ಬಾನುವಾರ, ಸೋಮ್ವಾರ, ಮಂಗ್ಳಾರ, ಬುದುವಾರ. ನಾಕು ಕೊಡಿ. ಗುರ್ವಾರದ್ದು ಇಲ್ಲೇ ಬಂದು ತಿಂತೀನಿ.”

“ಗುರುವಾರ ಬರದೇ ಹೋದರೆ? ಒಂದೆರಡು ಹೆಚ್ಚಿಗೆ ಇರಲಿ.”

“ಆವಯ್ಯ ಬಂದು ನಿಮ್ ಕಪಾಟ ನೋಡ್ದಾಗ ಏನಂತೀರ?” ನಾಲ್ಕು ದಿನದ್ದನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಉಳಿದದ್ದನ್ನು ನನ್ನ ಕಡೆಗೆ ಸರಿಸಿದರು.

ಬುಧವಾರ ಮಧ್ಯಾಹ್ನ ಬೆಟ್ಟಯ್ಯ ಬಂದ. ವೈನಾಡಿನಲ್ಲಿ ಕೆಲಸ ಮುಗಿದಿರಲಿಲ್ಲ, ರಕ್ತ ಕಂಡು ಹೆದರಿ ಹೊರಟು ಬಂದಿದ್ದ. ಉಳಿದ ಹತ್ತು ದಿನದ ಮಾತ್ರೆಯನ್ನು ಅವನ ಕೈಗೆ ಕೊಟ್ಟೆ. ನಾಲ್ಕು ದಿನದ್ದು ಏನಾಯಿತೆಂದು ಅವನು ಕೇಳಲಿಲ್ಲ.

ಗುರುವಾರ ಬೆಳಿಗ್ಗೆ ಪುಟ್ಟಸಿದ್ದಮ್ಮ ಬಂದರು. ಜೀಪು ಬಂದಿರಲಿಲ್ಲ.

“ಬಂದಿದ್ನಾ ಆವಯ್ಯ?”

“ನಿನ್ನೆ ಬಂದಿದ್ದ.”

“ಅದೇ ನೋಡಿ” ಎಂದರು. ಮರದ ಕೆಳಗೆ ಮೂರು ಗಂಟೆಯವರೆಗೆ ಕಾದರು, ನಾಲ್ಕು ಮೈಲಿ ನಡೆದು ಹೋದರು. ಶುಕ್ರವಾರವೂ ಬಂದರು, ಕಾದರು, ಹೋದರು. ಜೀಪು ಬಂದದ್ದು ಶನಿವಾರ ಹನ್ನೊಂದಕ್ಕೆ. ಡಬ್ಬ ಇಳಿಸಿದ ಕೂಡಲೆ ಆ ದಿನದ ಮಾತ್ರೆಯನ್ನು ಅಲ್ಲೇ ನಲ್ಲಿಯ ನೀರಿನಲ್ಲಿ ನುಂಗಿದರು.

ತಪ್ಪಿಹೋದ ಎರಡು ದಿನವನ್ನು ಕೊನೆಗೆ ಸೇರಿಸಿದೆವು. ಜೂನ್ ಇಪ್ಪತ್ತನಾಲ್ಕಕ್ಕೆ ಮುಗಿಯಬೇಕಾದದ್ದು ಇಪ್ಪತ್ತಾರಕ್ಕೆ ಮುಗಿಯಿತು. ಅವತ್ತು ಅವರ ತೂಕ ನಲವತ್ತೊಂದು ಕಿಲೋ. ಮಾರನೆಯ ದಿನ ಅರಿಶಿನದ ಹೊಲಕ್ಕೆ ಕಳೆ ಕೀಳಲು ಹೋದರು ಎಂದು ದೊಡ್ಡಬೀರಯ್ಯ ಹೇಳಿದರು.